ಕೂನೂರಿನ ಕುರಿಗಳ ಋಣ



ವೈದ್ಯಶಾಸ್ತ್ರದ ಹೆಸರಿನಲ್ಲಿ ಪ್ರಾಣಿಗಳನ್ನು ಪ್ರಯೋಗಕ್ಕೆ ಒಳಪಡಿಸುವುದು ಸರಿಯೆ ಎಂಬ ಪ್ರಶ್ನೆಯನ್ನು ಎತ್ತಿದೊಡನೆ ನಮ್ಮ ಜನ ಮೂರು ಪಂಗಡವಾಗುತ್ತಾರೆ. "ಮೂಕಪ್ರಾಣಿಯ ಶಾಪ ತಟ್ಟದೆ ಬಿಟ್ಟೀತೆ? ಅದು ಬೇಡವೇ ಬೇಡ" ಎನ್ನುವವರದು ಒಂದು ಪಂಗಡ. "ಮನುಷ್ಯನ ಜೀವ ಉಳಿಯುವುದಾದರೆ ಇಲಿ ಮೊಲಗಳ ಲೆಕ್ಕವೇಕೆ?" ಎನ್ನುವವರದು ಇನ್ನೊಂದು. ಮೂರನೆಯವರು ವಾದಕ್ಕೆ ಬರುವುದೇ ಇಲ್ಲ. "ಅಯ್ಯೋ, ಅದನ್ನೆಲ್ಲ ನಮಗೆ ಹೇಳಬೇಡಿ" ಎಂದು ಮುಖ ತಿರುಗಿಸಿಬಿಡುತ್ತಾರೆ. ಎಣಿಸಿ ನೋಡಿದರೆ ಈ ಮೂರನೆಯ ಪಂಗಡವೇ ಎಲ್ಲಕ್ಕಿಂತ ದೊಡ್ಡದು. ಈ ತಿಂಗಳ ನಮ್ಮ ಮಾತು ಹೆಚ್ಚಾಗಿ ಅವರೊಡನೆ.

ಇದು ದೂರದ ಊರಿನ, ದೊಡ್ಡ ಪ್ರಯೋಗಶಾಲೆಗಳ ವಿಷಯವೆಂದು ಉಡುಮಲೈಪೇಟೆಯಲ್ಲಿ ಕುಳಿತ ನಮಗೆ ತೋರುವುದು ಸಹಜ. ಆದರೆ ನಮ್ಮ ಊರಿನಿಂದ ಪೊಳ್ಳಾಚಿ, ಕೊಯಮತ್ತೂರುಗಳನ್ನು ದಾಟಿ, ಮೇಟ್ಟುಪಾಳ್ಯದಿಂದ ಘಟ್ಟ ಹತ್ತಿದರೆ ಅರ್ಧ ದಿನದೊಳಗೆ ತಲಪುವ ಕೂನೂರಿನಲ್ಲಿಯೇ ಈ ಪ್ರಶ್ನೆಯ ಒಂದು ನೂರು ವರ್ಷದ ಚರಿತ್ರೆ ಅಡಗಿದೆ. ಕನ್ನಡಕ್ಕೆ ತೀರ ಹತ್ತಿರದ ಮಾತನ್ನಾಡುವ ಬಡಗರ ನಾಡದು. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ತಯಾರಾದ ಹುಚ್ಚುನಾಯಿ ಕಡಿತದ ಮದ್ದು ದಕ್ಷಿಣದ ಎಷ್ಟೋ ಮನೆಗಳನ್ನು ಕಾದಿದೆ. ಹಿರಿಯರನ್ನು ಕೇಳಿ ನೋಡಿರಿ. ಹೊಕ್ಕುಳಿನ ಸುತ್ತ ದಿನಕ್ಕೊಂದರಂತೆ ಹಾಕಿಸಿಕೊಂಡ ಹದಿನಾಲ್ಕು ಸೂಜಿಗಳ ನೆನಪನ್ನು ಅವರಲ್ಲಿ ಯಾರಾದರೊಬ್ಬರು ಹೇಳದಿರಲಾರರು. ಆ ಸೂಜಿಯೊಳಗೆ ಇದ್ದುದೇನು ಎಂಬುದನ್ನು ಮಾತ್ರ ಹೆಚ್ಚಿನವರು ಕೇಳಿದವರಲ್ಲ.

ಆ ಸಂಸ್ಥೆ ಹುಟ್ಟಿದ್ದು ಒಂದು ಸಾವಿನಿಂದ. 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಷ್ ಎಂಬ ತರುಣಿ ಹುಚ್ಚುನಾಯಿ ಕಡಿತದಿಂದ ತೀರಿಕೊಂಡಳು. ದಕ್ಷಿಣದಲ್ಲಿ ಆಗ ಈ ರೋಗಕ್ಕೆ ಚಿಕಿತ್ಸೆಯೇ ಇರಲಿಲ್ಲ. 1900ರಲ್ಲಿ ಆರಂಭವಾಗಿದ್ದ ಪಾಶ್ಚರ್ ಸಂಸ್ಥೆ ಇದ್ದುದು ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ. ಅಷ್ಟು ದೂರ ರೈಲಿನಲ್ಲಿ ಹೋಗಿ ಮುಟ್ಟುವುದರೊಳಗೆ ವಿಷ ಮಿದುಳಿಗೇರುವ ಭಯ. ಅಮೆರಿಕದ ಹೆನ್ರಿ ಫಿಪ್ಸ್ ಎಂಬ ಧನಿಕರು ಅಂದಿನ ವೈಸರಾಯ್ ಲಾರ್ಡ್ ಕರ್ಜನರಿಗೆ ಒಪ್ಪಿಸಿದ್ದ ದಾನದ ಹಣದಿಂದ 1907ರ ಏಪ್ರಿಲ್‌ನಲ್ಲಿ ಕೂನೂರಿನ ಸಂಸ್ಥೆ ತಲೆಯೆತ್ತಿತು. ಅಂದಿನಿಂದ ಮಲಬಾರಿನವರು, ಮೈಸೂರಿನವರು, ನಮ್ಮ ಕೊಯಮತ್ತೂರು ಸೀಮೆಯವರು ಜೀವದಾಸೆಯನ್ನು ಹೊತ್ತು ಆ ಘಟ್ಟ ಹತ್ತತೊಡಗಿದರು.

ಈ ಚಿಕಿತ್ಸೆಯ ಮೂಲದಲ್ಲಿಯೂ ಪ್ರಾಣಿಗಳೇ ಇವೆ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿಗೆ ಕೊಡಿಸಿದ ಮದ್ದು ರೋಗ ತಗಲಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಮಾಡಿದ್ದು. ಬಾಲಕ ಬದುಕಿದ. ಮುಂದೆ 1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಎಂಬ ವೈದ್ಯಾಧಿಕಾರಿ ಇನ್ನೊಂದು ವಿಧಾನವನ್ನು ಕಂಡುಹಿಡಿದರು. ಅದು ನಮ್ಮ ದೇಶದಲ್ಲಿ ಬೇರೂರಿದ ಬಗೆ ಹೀಗೆ: ಆರೋಗ್ಯವಾಗಿದ್ದ ಕುರಿಯ ಮಿದುಳಿಗೆ ರೋಗಾಣುವನ್ನು ಚುಚ್ಚುವುದು, ಕುರಿಗೆ ರೋಗ ಹತ್ತಿ ಕಾಲು ಸೋತು ಬಿದ್ದಾಗ ಅದನ್ನು ಕೊಂದು ಮಿದುಳನ್ನು ತೆಗೆಯುವುದು, ಅರೆದು, ರೋಗಾಣುವನ್ನು ರಾಸಾಯನಿಕದಿಂದ ಸಾಯಿಸಿ, ತಿಳಿಮಾಡಿ ಶೀಶೆಗೆ ತುಂಬುವುದು. ಹೊಕ್ಕುಳಿನ ಸುತ್ತ ಚುಚ್ಚಿಸಿಕೊಂಡದ್ದು ಇದನ್ನೇ.

ಇದನ್ನು ಓದಿದವರಲ್ಲಿ ಕೆಲವರಿಗೆ ಅನ್ನ ಇಳಿಯದೆಹೋಗಬಹುದು. ಆದರೆ ಸ್ವಲ್ಪ ನಿಂತು ಯೋಚಿಸೋಣ. ನಮ್ಮ ಸೀಮೆಗೆ ಕುರಿ ಅಪರಿಚಿತವಲ್ಲ. ಸುಗ್ಗಿಯಾದ ಹೊಲದಲ್ಲಿ ಕುರಿಮಂದೆ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುತ್ತೇವೆ. ಮಾರಿಯಮ್ಮನ ಹಬ್ಬದಲ್ಲಿ ಹರಕೆಯ ಕುರಿ ಬೀಳುವುದನ್ನು ಕಂಡಿದ್ದೇವೆ. ಮಾಂಸವನ್ನು ಮುಟ್ಟದ ಮನೆಯವರೂ ರೇಷ್ಮೆಯನ್ನು ಮುಟ್ಟುತ್ತಾರೆ. ನಮ್ಮ ಉಡುಮಲೈ ಸುತ್ತಿನ ಹಿಪ್ಪುನೇರಳೆ ತೋಟಗಳಲ್ಲಿ ಬೆಳೆದ ಗೂಡುಗಳು ಕುದಿನೀರಿಗೆ ಬಿದ್ದೇ ನೂಲಾಗುತ್ತವೆಂಬುದು ಮಗ್ಗದ ಮನೆಯ ಮಕ್ಕಳಿಗೂ ಗೊತ್ತು. ಪ್ರಯೋಗಶಾಲೆಯ ಕುರಿಗಾಗಿ ಮಾತ್ರ ಮರುಗುವುದು ನ್ಯಾಯವೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಸುಲಭದ ಉತ್ತರವಿಲ್ಲ. ಒಂದು ವ್ಯತ್ಯಾಸವಂತೂ ಉಂಟು. ಹರಕೆಯ ಕುರಿಯನ್ನೂ ರೇಷ್ಮೆಯ ಗೂಡನ್ನೂ ನಾವು ಕಣ್ಣಾರೆ ಕಂಡು, ತಿಳಿದೇ ಒಪ್ಪಿರುತ್ತೇವೆ ಅಥವಾ ತಿಳಿದೇ ಬಿಟ್ಟಿರುತ್ತೇವೆ. ಕೂನೂರಿನ ಕುರಿಯನ್ನು ನಾವು ಕಂಡವರೂ ಅಲ್ಲ, ಒಪ್ಪಿದವರೂ ಅಲ್ಲ, ಬೇಡವೆಂದವರೂ ಅಲ್ಲ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ಜನ ನಾವು. ಪುಣ್ಯಕೋಟಿ ತಾನೇ ಮಾತು ಕೊಟ್ಟು, ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಎದುರು ನಿಂತವಳು. ಕೂನೂರಿನ ಕುರಿ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಜನರ ಮನೋಭಾವ ಎಚ್ಚೆತ್ತರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 1950ರ ದಶಕದಲ್ಲಿ ಪೋಲಿಯೋ ಲಸಿಕೆಯ ತಯಾರಿಕೆ ಮತ್ತು ಪರೀಕ್ಷೆಗಾಗಿ ಉತ್ತರ ಭಾರತದ ಕೋತಿಗಳನ್ನು ಹಿಡಿದು ವಿದೇಶಗಳಿಗೆ ಸಾಗಿಸುವ ವ್ಯಾಪಾರ ಬೆಳೆಯಿತು. ಆ ದಶಕದ ಕೊನೆಯ ವೇಳೆಗೆ ವರ್ಷವೊಂದಕ್ಕೆ ಲಕ್ಷಕ್ಕೂ ಮಿಕ್ಕಿ ಕೋತಿಗಳು ಹೋಗುತ್ತಿದ್ದುವು. ಕೇವಲ ವೈದ್ಯಕೀಯ ಉದ್ದೇಶಕ್ಕೆಂದು ಕೊಟ್ಟ ಈ ಪ್ರಾಣಿಗಳನ್ನು ಅಮೆರಿಕದಲ್ಲಿ ಸೈನಿಕ ವಿಕಿರಣ ಪ್ರಯೋಗಗಳಿಗೂ ಬಳಸಲಾಗಿದೆ ಎಂಬುದು ಬಯಲಾದಾಗ ದೇಶದಲ್ಲಿ ಕೋಪವೆದ್ದಿತು. ಮೊರಾರ್ಜಿ ದೇಸಾಯಿಯವರ ಸರಕಾರ 1978ರಿಂದ ರಫ್ತನ್ನು ಪೂರ್ತಿಯಾಗಿ ನಿಲ್ಲಿಸಿತು. ಜಗತ್ತಿನ ಪ್ರಯೋಗಶಾಲೆಗಳು ತಲೆಯ ಮೇಲೆ ಕೈಯಿಟ್ಟುಕೊಂಡವು ನಿಜ. ಆದರೆ ಇದ್ದಷ್ಟು ಕೋತಿಗಳನ್ನು ಮಿತವಾಗಿ ಬಳಸುವುದನ್ನೂ ತಾವೇ ಸಾಕಿ ಬೆಳೆಸುವುದನ್ನೂ ಕಲಿತವು. ವಿಜ್ಞಾನವೇನೂ ನಿಲ್ಲಲಿಲ್ಲ.

ಆದರೆ ಕೋತಿಗೆ ಹನುಮಂತನ ಶ್ರೀರಕ್ಷೆಯಿತ್ತು. ಕುರಿಗೆ ಯಾರ ರಕ್ಷೆ? ಅದರ ಪರವಾಗಿ ಬೀದಿಗಿಳಿದವರು ಬಹು ಕಡಮೆ.

ಇಲ್ಲಿಯೇ ನಾವು ಗಮನಿಸಬೇಕಾದ ಮುಖ್ಯ ಸಂಗತಿ ಇದೆ. ಕುರಿಯ ಮಿದುಳಿನ ಮದ್ದು ಕುರಿಗೆ ಮಾತ್ರ ಕಂಟಕವಾಗಿರಲಿಲ್ಲ. ಮನುಷ್ಯನಿಗೂ ಒಳ್ಳೆಯ ಮದ್ದಾಗಿರಲಿಲ್ಲ. ಶೀಶೆಯಲ್ಲಿದ್ದುದು ಸತ್ತ ರೋಗಾಣುವಷ್ಟೇ ಅಲ್ಲ, ಕುರಿಯ ನರದ ಅಂಶವೂ ಹೌದು. ಅದು ದೇಹಕ್ಕೆ ಸೇರಿದಾಗ ಕೆಲವರಲ್ಲಿ ದೇಹದ ರಕ್ಷಣಾಶಕ್ತಿ ತನ್ನ ನರಗಳ ಮೇಲೆಯೇ ತಿರುಗಿಬೀಳುತ್ತಿತ್ತು. ಕೈಕಾಲು ಸೋಲುವುದು, ಪಾರ್ಶ್ವವಾಯು, ಅಪರೂಪಕ್ಕೆ ಮರಣ. ಕೆಲವು ಸಾವಿರ ಜನರಲ್ಲಿ ಒಬ್ಬರಿಗೆ, ಕೆಲವೆಡೆ ಅದಕ್ಕಿಂತಲೂ ಹೆಚ್ಚಿನವರಿಗೆ ಹೀಗಾಗುತ್ತಿತ್ತೆಂದು ವೈದ್ಯರು ಬರೆದಿಟ್ಟಿದ್ದಾರೆ. ನಾಯಿ ಕಡಿದವನು ನಾಯಿಯಿಂದ ಉಳಿದು ಮದ್ದಿನಿಂದ ಮಲಗುವ ದುರ್ಗತಿ ಇದು. ಸೂಜಿಗಳ ನೋವಿಗೆ ಹೆದರಿ ಅರ್ಧಕ್ಕೇ ಬಿಟ್ಟು, ರೋಗ ಬಂದು ತೀರಿಕೊಂಡವರೂ ಉಂಟು.

ಇದಕ್ಕಿಂತ ಉತ್ತಮವಾದ ಲಸಿಕೆ ಇರಲಿಲ್ಲವೆ? ಇತ್ತು. ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅವುಗಳಲ್ಲಿ ರೋಗಾಣುವನ್ನು ವೃದ್ಧಿಮಾಡಿ ತಯಾರಿಸುವ ಲಸಿಕೆ 1970ರ ದಶಕದಲ್ಲಿಯೇ ಯುರೋಪಿನಲ್ಲಿ ಬಳಕೆಗೆ ಬಂದಿತ್ತು. ತೋಳಿಗೆ ಐದೇ ಸೂಜಿ. ನರಕ್ಕೆ ಆ ಬಗೆಯ ಅಪಾಯವಿಲ್ಲ. 1980ರ ದಶಕದಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು, ಸಾಧ್ಯವಿರುವ ಕಡೆಯಲ್ಲೆಲ್ಲ ಮಿದುಳಿನ ಮದ್ದನ್ನು ಕೈಬಿಡಬೇಕೆಂದು ಹೇಳಿದರು. ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಅಂತ್ಯಕ್ಕೆ. ನಡುವಿನ ಇಪ್ಪತ್ತು ವರ್ಷ ನಡೆದುದೇನು? ಹಣವುಳ್ಳವರು ಔಷಧದಂಗಡಿಯಲ್ಲಿ ಹೊಸ ಲಸಿಕೆಯನ್ನು ಕೊಂಡರು. ಹಣವಿಲ್ಲದವರು ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದ ಕುರಿಯ ಮಿದುಳಿನ ಮದ್ದಿಗೆ ಹೊಟ್ಟೆಯೊಡ್ಡಿದರು. ನೋವನ್ನು ಹಂಚಿಕೊಂಡವರು ಇಬ್ಬರೇ: ಮಾತು ಬಾರದ ಕುರಿ, ಮಾತಾಡಿದರೂ ಯಾರೂ ಕೇಳದ ಬಡವ.

ಆದ್ದರಿಂದಲೇ "ಅದನ್ನೆಲ್ಲ ನಮಗೆ ಹೇಳಬೇಡಿ" ಎನ್ನುವ ಮನೋಭಾವ ನಿರಪಾಯಕರವಾದುದೆಂದು ನಾವು ಒಪ್ಪಲಾರೆವು. ಬೇಡವೇ ಬೇಡ ಎನ್ನುವವನು ಎಷ್ಟೇ ಹಟಮಾರಿಯಾದರೂ ಪ್ರಶ್ನೆ ಕೇಳುತ್ತಾನೆ. ಬೇಕೇ ಬೇಕು ಎನ್ನುವ ವಿಜ್ಞಾನಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಆ ಜಗಳದಿಂದ ಎಷ್ಟೋ ಒಳ್ಳೆಯದಾಗಿದೆ. ಮುಖ ತಿರುಗಿಸಿದವನಿಂದ ಮಾತ್ರ ಕುರಿಗೂ ಲಾಭವಿಲ್ಲ, ರೋಗಿಗೂ ಲಾಭವಿಲ್ಲ. ಕೊನೆಗೂ ಕುರಿಯ ಮದ್ದು ನಿಂತದ್ದು ಪಾರ್ಶ್ವವಾಯುವನ್ನು ಕಂಡ ವೈದ್ಯರೂ ಕುರಿಯನ್ನು ಕಂಡ ಪ್ರಾಣಿದಯೆಯವರೂ ಬೇರೆಬೇರೆ ದಾರಿಯಿಂದ ಬಂದು ಒಂದೇ ಮಾತನ್ನು ಹೇಳಿದುದರಿಂದ.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷು. ಶೀಶೆಯೊಳಗೇನಿದೆ ಎಂಬ ಸುದ್ದಿ ಈ ಮೂರರಲ್ಲಿ ಯಾವ ಭಾಷೆಯಲ್ಲಿಯೂ ಅಜ್ಜಿಯವರೆಗೆ ಬಂದು ಮುಟ್ಟುವುದಿಲ್ಲ. ಅರಿಯದೆ ಇರುವುದಕ್ಕೂ ಅರಿಯಲೊಲ್ಲೆನೆನ್ನುವುದಕ್ಕೂ ಅಂತರವಿದೆ. ಮೊದಲನೆಯದನ್ನಾದರೂ ಇಂತಹ ಪುಟಗಳು ನೀಗಿಸಲಿ ಎಂಬುದು ನಮ್ಮ ಆಸೆ.

ಹಾಗೆಂದು ಕಾನೂನು ಸುಮ್ಮನೆ ಕುಳಿತಿದೆಯೆಂದು ತಿಳಿಯಬೇಕಾಗಿಲ್ಲ. ಮಧುರೆಯಲ್ಲಿ ಹುಟ್ಟಿ ಭರತನಾಟ್ಯಕ್ಕೆ ಮರ್ಯಾದೆ ತಂದುಕೊಟ್ಟ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಪ್ರಾಣಿಹಿಂಸೆಯ ವಿರುದ್ಧ ತಾವೇ ಒಂದು ಮಸೂದೆಯನ್ನು ತಂದರು. ಸರಕಾರವೇ ಕಾನೂನು ಮಾಡುವುದೆಂದು ನೆಹರೂ ಅವರು ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. 1960ರ ಪ್ರಾಣಿಹಿಂಸಾ ನಿವಾರಣ ಕಾನೂನು ಹೀಗೆ ಬಂದುದು. ಹೊಸ ಅರಿವಿಗಾಗಿ, ಪ್ರಾಣರಕ್ಷಣೆಗಾಗಿ ನಡೆಸುವ ಪ್ರಯೋಗವನ್ನು ಅದು ನಿಷೇಧಿಸುವುದಿಲ್ಲ. ಆದರೆ ಬೇರೆ ದಾರಿಯಿದ್ದರೆ ಪ್ರಾಣಿಯನ್ನು ಬಿಡಬೇಕು, ಸಣ್ಣ ಪ್ರಾಣಿಯಿಂದ ಆಗುವ ಕೆಲಸಕ್ಕೆ ದೊಡ್ಡದನ್ನು ತರಬಾರದು, ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಡಬೇಕು, ಬರಿಯ ಕೈಪಳಗಿಸಿಕೊಳ್ಳಲೆಂದು ಪ್ರಯೋಗ ಮಾಡಬಾರದು ಎಂಬ ಕರ್ತವ್ಯಗಳನ್ನು ಹೇಳುತ್ತದೆ. 1998ರ ನಿಯಮಗಳ ಮೇರೆಗೆ ಪ್ರತಿಯೊಂದು ಸಂಶೋಧನಾ ಸಂಸ್ಥೆಯಲ್ಲಿಯೂ ಒಂದು ನೀತಿಸಮಿತಿ ಇರಬೇಕು. ಅದರಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಅರಿವುಳ್ಳ ಒಬ್ಬ ಸದಸ್ಯರಿಗೂ ಸ್ಥಾನವುಂಟು. ನಮ್ಮ ನಿಮ್ಮಂಥವರಿಗೆ ಕಾನೂನು ಮೀಸಲಿಟ್ಟ ಕುರ್ಚಿ ಅದು.

1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪುಸ್ತಕದಲ್ಲಿ ಮೂರು ಸೂತ್ರಗಳನ್ನು ಮುಂದಿಟ್ಟರು: ಸಾಧ್ಯವಾದಲ್ಲಿ ಪ್ರಾಣಿಗೆ ಬದಲಿ ಹುಡುಕು, ಆಗದಿದ್ದಲ್ಲಿ ಸಂಖ್ಯೆಯನ್ನು ಇಳಿಸು, ಬಳಸಲೇಬೇಕಾದಲ್ಲಿ ನೋವನ್ನು ತಗ್ಗಿಸು. ಈಚಿನ ವರ್ಷಗಳಲ್ಲಿ ನಮ್ಮ ದೇಶ ಈ ದಾರಿಯಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿದೆ. ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಲ್ಲಿ ನಿಷೇಧವಾಯಿತು. ಕಾಲೇಜುಗಳ ಪ್ರಾಣಿಶಾಸ್ತ್ರದ ಮೇಜಿನ ಮೇಲೆ ಕಪ್ಪೆಯನ್ನು ಮೊಳೆಹೊಡೆದು ಮಲಗಿಸುವುದಕ್ಕೂ ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ ತೆರೆಯೆಳೆಯಿತು. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿಯಾಗಿ, ಪ್ರಾಣಿಯಿಲ್ಲದ ಪರೀಕ್ಷಾವಿಧಾನಗಳಿಗೂ ಮಾನ್ಯತೆ ದೊರೆಯಿತು.

ಇಷ್ಟಕ್ಕೆ ಋಣ ಹರಿಯಿತೆಂದು ಎದೆ ತಟ್ಟಿಕೊಳ್ಳುವಂತಿಲ್ಲ. ಕೂನೂರಿನಲ್ಲಿ ಕುರಿಗೆ ಬದಲಾಗಿ ಬಂದ ಲಸಿಕೆಯನ್ನೇ ನೋಡಿರಿ. ಅದು ಬೆಳೆಯುವುದು ವೀರೋ ಎಂಬ ಹೆಸರಿನ ಕೋಶಗಳಲ್ಲಿ. 1962ರಲ್ಲಿ ಜಪಾನಿನ ವಿಜ್ಞಾನಿಗಳು ಆಫ್ರಿಕದ ಹಸಿರು ಕೋತಿಯೊಂದರ ಮೂತ್ರಪಿಂಡದಿಂದ ತೆಗೆದು ಬೆಳೆಸಿದ ಕೋಶಗಳ ಸಂತತಿ ಅದು. ಇಂದಿಗೂ ಪಾತ್ರೆಯಿಂದ ಪಾತ್ರೆಗೆ ಬೆಳೆಯುತ್ತಲೇ ಇದೆ. ಮಂದೆ ಮಂದೆ ಕುರಿಗಳ ಜಾಗದಲ್ಲಿ ಒಂದು ಕೋತಿಯ ಋಣ ಉಳಿಯಿತು. ಇಳಿಕೆ ದೊಡ್ಡದೇ, ಸೊನ್ನೆಯಲ್ಲ.

ಕುದುರೆಯ ಋಣವಂತೂ ಇನ್ನೂ ನಡೆದೇ ಇದೆ. ನಾಯಿ ಆಳವಾಗಿ ಕಚ್ಚಿದಾಗ ಗಾಯದ ಸುತ್ತ ಚುಚ್ಚುವ ಸೀರಮ್ ಹಲವೆಡೆ ಕುದುರೆಯ ರಕ್ತದಿಂದ ಬಂದುದು. ಹಾವು ಕಡಿತದ ಮದ್ದು ಪೂರ್ತಿಯಾಗಿ ಕುದುರೆಯದೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಬೇರ್ಪಡಿಸುತ್ತಾರೆ. ಆ ವಿಷದ ಬಹುಪಾಲು ಚೆನ್ನೈಯ ಹೊರವಲಯದಲ್ಲಿ 1978ರಲ್ಲಿ ಹುಟ್ಟಿದ ಇರುಳರ ಸಹಕಾರ ಸಂಘದಿಂದ ಬರುತ್ತಿತ್ತು. ಹಾವನ್ನು ಕೊಲ್ಲದೆ ವಿಷ ತೆಗೆದು ಮತ್ತೆ ಕಾಡಿಗೆ ಬಿಡುವ ಅವರ ಪದ್ಧತಿಯಲ್ಲಿ ಪ್ರಯೋಗಶಾಲೆಗಳು ಕಲಿಯಬೇಕಾದ ಒಂದು ಮರ್ಯಾದೆಯಿದೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು ಅಂದಾಜು; ವರ್ಷಕ್ಕೆ ಸರಾಸರಿ 58,000. ಕಬ್ಬಿನ ಗದ್ದೆಗೆ ರಾತ್ರಿ ನೀರು ಕಟ್ಟಲು ಹೋಗುವ ಮಗನಿರುವ ತಾಯಿಯ ಎದುರು ನಿಂತು "ಕುದುರೆಯನ್ನು ಬಿಟ್ಟುಬಿಡಿ" ಎಂದು ಹೇಳುವ ಧೈರ್ಯ ನಮಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿದೇಶದ ಸಹೋದ್ಯೋಗಿಗಳೊಡನೆ ಕುದುರೆಯ ನೆರವಿಲ್ಲದೆ ಪ್ರಯೋಗಶಾಲೆಯಲ್ಲಿಯೇ ತಯಾರಿಸಿದ ಪ್ರತಿಕಾಯವೊಂದನ್ನು 2024ರಲ್ಲಿ ಪ್ರಕಟಪಡಿಸಿದರು. ನಾಗರ ಜಾತಿಯ ಹಾವುಗಳ ಒಂದು ಬಗೆಯ ನರವಿಷಕ್ಕೆ ಅದು ಎದುರಾಗಿ ನಿಲ್ಲುತ್ತದೆ. ಸಂತೋಷದ ಸುದ್ದಿ. ಆದರೆ ಅದನ್ನು ಪರೀಕ್ಷಿಸಿದ್ದು ಇಲಿಗಳ ಮೇಲೆ. ಕುದುರೆಯನ್ನು ಬಿಡಿಸಲು ಇಲಿಯನ್ನು ಹಿಡಿಯಬೇಕಾಯಿತು. ಈ ದಾರಿಯ ಸ್ವರೂಪವೇ ಅಂತಹುದು: ಒಮ್ಮೆಗೇ ಕೈತೊಳೆದುಕೊಳ್ಳುವಂತಿಲ್ಲ, ಹೆಜ್ಜೆ ಹೆಜ್ಜೆಗೂ ಭಾರವನ್ನು ಇಳಿಸುತ್ತ ನಡೆಯಬೇಕು.

ಹಾಗಾದರೆ ಸಂಸಾರಸ್ಥರಾದ ನಾವು ಮಾಡಬಹುದಾದುದೇನು? ನಮ್ಮ ಮಟ್ಟಿಗೆ ತೋರಿದ ಉತ್ತರ ಸರಳವಾದುದು. ತಪ್ಪಿಸಿದ ಪ್ರತಿಯೊಂದು ಕಡಿತವೂ ಒಂದು ಪ್ರಾಣಿಯ ಮೇಲಣ ಹೊರೆಯನ್ನು ಅಷ್ಟರಮಟ್ಟಿಗೆ ಕಡಮೆ ಮಾಡುತ್ತದೆ. ಬೀದಿಯ ನಾಯಿಗೆ ಅನ್ನ ಹಾಕುವ ದಯೆ ಒಳ್ಳೆಯದೇ, ಅದಕ್ಕೆ ಲಸಿಕೆ ಹಾಕಿಸುವ ದಯೆ ಅದಕ್ಕಿಂತ ದೊಡ್ಡದು. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿದುಬೀಳುತ್ತದೆಂದು ತಜ್ಞರ ಮತ. ನಾಯಿ ಕಚ್ಚಿದರೆ ಸುಣ್ಣ, ಮೆಣಸಿನಪುಡಿ, ಎಲೆಯ ರಸಗಳನ್ನು ಹಚ್ಚದೆ ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ಗಾಯ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಿ, ಹೇಳಿದಷ್ಟು ಸೂಜಿಗಳನ್ನೂ ಪೂರ್ತಿ ಹಾಕಿಸಿಕೊಳ್ಳಬೇಕು. ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಪ್ರಾಣಿ ಕೊಟ್ಟುದನ್ನೂ ವ್ಯರ್ಥಮಾಡಿ ಮನುಷ್ಯನನ್ನೂ ಕಳೆಯುತ್ತದೆ. ರಾತ್ರಿ ಹೊಲಕ್ಕೆ ಹೋಗುವವರ ಕೈಯಲ್ಲಿ ಟಾರ್ಚು, ಕಾಲಲ್ಲಿ ಬೂಟು ಇರಲಿ. ಮಲಗುವುದು ನೆಲದ ಮೇಲಾದರೆ ಸೊಳ್ಳೆಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿರಿ. ಹಾವು ಕಚ್ಚಿದರೆ ಮಂತ್ರವಾದಿಯ ಮನೆಯ ದಾರಿಯಲ್ಲಿ ಹೊತ್ತು ಕಳೆಯಬೇಡಿರಿ.

ಇನ್ನೊಂದು ಕೆಲಸ ಮಾತಿನದು. ವಿಜ್ಞಾನ ಓದುವ ಮಗಳು ರಜೆಗೆ ಮನೆಗೆ ಬಂದಾಗ, "ನಿಮ್ಮ ಕಾಲೇಜಿನಲ್ಲಿ ಯಾವ ಪ್ರಾಣಿಯನ್ನು ಬಳಸುತ್ತೀರಮ್ಮ? ಬೇರೆ ದಾರಿಯಿಲ್ಲವೆ? ಅದಕ್ಕೆ ನೋವಾಗದಂತೆ ಏನು ಮಾಡುತ್ತೀರಿ?" ಎಂದು ಅಜ್ಜಿ ಕೇಳಲಿ. ಮೊಮ್ಮಗಳು ಬೇಸರಿಸದೆ ಉತ್ತರ ಹೇಳಲಿ. ಮೂರು ಸೂತ್ರಗಳ ಸಾರವೆಲ್ಲ ಅಜ್ಜಿಯ ಈ ಪ್ರಶ್ನೆಗಳೊಳಗೆ ಬಂದುಬಿಡುತ್ತದೆ. ಇಂತಹ ಪ್ರಶ್ನೆ ನೂರು ಮನೆಗಳಲ್ಲಿ ಎದ್ದರೆ ಪ್ರಯೋಗಶಾಲೆಯ ಬಾಗಿಲಿಗೂ ಅದರ ಸದ್ದು ಮುಟ್ಟುತ್ತದೆ.

ಋಣವೆಂಬುದು ನಮ್ಮವರಿಗೆ ಹೊಸ ಮಾತಲ್ಲ. ಸಾಲ ಕೊಟ್ಟವನ ಹೆಸರು ಮರೆತರೆ ಸಾಲ ತೀರುವುದಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಹೆಸರೇ ಇಲ್ಲದ ಆ ಕುರಿಗಳ ಸಾಲವನ್ನು ತೀರಿಸುವ ಬಗೆ ನಮಗೆ ತಿಳಿಯದು. ಅದನ್ನು ನೆನೆಯುವುದೂ ಮುಂದಿನ ಸಾಲವನ್ನು ಕಡಮೆ ಮಾಡಿಕೊಳ್ಳುವುದೂ ನಮ್ಮ ಕೈಯಲ್ಲಿದೆ.